ಕೂಲಿ ಸೈನಿಕರ ಎರಡು ಚಿತ್ರಗಳು, ಎರಡು ಬಗೆಯ ನಿಷ್ಠೆ

ಹಣಕ್ಕಾಗಿ ಪರದೇಶದಲ್ಲಿ ಕಾದಾಡುವವರ ಕಥೆ ಹೇಳುವ ಹಳೆಯ ಇಂಗ್ಲಿಷ್ ಚಿತ್ರಗಳಲ್ಲಿ 1978ರ ‘ದಿ ವೈಲ್ಡ್ ಗೀಸ್’ ಮತ್ತು 1980ರ ‘ದಿ ಡಾಗ್ಸ್ ಆಫ್ ವಾರ್’ ಮುಖ್ಯವಾದವು. ಹಾಸನದ ನಮ್ಮ ಮನೆಯಲ್ಲಿ, ಸೇನೆಯಿಂದ ನಿವೃತ್ತರಾದ ದೊಡ್ಡಪ್ಪನವರ ಜೊತೆ ಎರಡನ್ನೂ ಒಂದರ ಹಿಂದೊಂದು ನೋಡಿದೆ. ನನ್ನ ಒಲವು ಎರಡನೆಯದರ ಕಡೆಗಿದೆ. ದೊಡ್ಡಪ್ಪನವರದು ಮೊದಲನೆಯದರ ಕಡೆಗೆ.

ಎರಡರ ಬೇರೂ ಒಂದೇ. ಆಫ್ರಿಕಾದ ಕಲ್ಪಿತ ದೇಶವೊಂದರ ಖನಿಜದ ಮೇಲೆ ಕಣ್ಣಿಟ್ಟ ಸಿರಿವಂತರು ಬಾಡಿಗೆ ಬಂಟರನ್ನು ಕಳುಹಿಸುತ್ತಾರೆ. ‘ವೈಲ್ಡ್ ಗೀಸ್’ನಲ್ಲಿ ರಿಚರ್ಡ್ ಬರ್ಟನ್, ರೋಜರ್ ಮೂರ್, ರಿಚರ್ಡ್ ಹ್ಯಾರಿಸ್ ಇರುವ 50 ಜನರ ಪಡೆ, ಸೆರೆಯಲ್ಲಿರುವ ನಾಯಕ ಲಿಂಬಾನಿಯನ್ನು ಬಿಡಿಸಿ ತರುತ್ತದೆ. ಅಷ್ಟರಲ್ಲಿ ಲಂಡನ್ನಿನ ಧಣಿ ಅಲ್ಲಿನ ಸರ್ವಾಧಿಕಾರಿಯೊಡನೆ ಒಪ್ಪಂದ ಕುದುರಿಸಿಕೊಂಡಿರುತ್ತಾನೆ. ಕರೆದೊಯ್ಯಲು ಬಂದ ವಿಮಾನ ಅವರ ಕಣ್ಣೆದುರಿಗೇ ಮೇಲೇರಿ ಹೊರಟುಹೋಗುತ್ತದೆ. ಕೊನೆಗೆ ಸಿಕ್ಕಿದ ಇನ್ನೊಂದು ವಿಮಾನ ಓಡತೊಡಗಿದಾಗ, ಗಾಯಗೊಂಡ ಹ್ಯಾರಿಸ್ ಕುಂಟುತ್ತಾ ಹಿಂದೆ ಓಡಿಬಂದು, ತಲುಪಲಾರೆನೆಂದು ಅರಿತು ತನ್ನನ್ನು ಕೊಂದುಬಿಡೆಂದು ಕೂಗುತ್ತಾನೆ. ಬರ್ಟನ್ ಗುಂಡು ಹಾರಿಸುತ್ತಾನೆ. ಆಗ ದೊಡ್ಡಪ್ಪನವರು, “ಶತ್ರು ಕೈಗೆ ಬಿಟ್ಟು ಬರೋದಕ್ಕಿಂತ ಇದೇ ವಾಸಿ ಕಣಪ್ಪ” ಎಂದಷ್ಟೇ ಹೇಳಿದರು.

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿಯ ಗರುಡಗಂಬವನ್ನು ಕಂಡವರಿಗೆ ನಿಷ್ಠೆಯ ಇನ್ನೊಂದು ಮಾದರಿ ಗೊತ್ತು. ಎರಡನೆಯ ವೀರಬಲ್ಲಾಳನ ಮಂತ್ರಿ ಕುವರ ಲಕ್ಷ್ಮ ತನ್ನ ಸಂಗಡಿಗರೊಡನೆ ಒಡೆಯನಿಗಾಗಿ ಪ್ರಾಣ ತೆತ್ತ ಸ್ಮಾರಕವದು. ಕತ್ತಿ ಹಿಡಿದು ತಮ್ಮ ತಲೆಯನ್ನೇ ಅರಿದುಕೊಳ್ಳುವ ವೀರರು ಅದರ ಮೇಲಿದ್ದಾರೆ. ಜೋಳದ ಪಾಳಿ, ಅಂದರೆ ಉಂಡ ಅನ್ನದ ಋಣ, ತೀರಿಸಲು ಅವರಿಗೊಬ್ಬ ಒಡೆಯನಿದ್ದ. ಈ ಚಿತ್ರಗಳ ಬಂಟರಿಗೆ ಇರುವವನು ಹಣ ಕೊಡುವವನು ಮಾತ್ರ, ಅವನೇ ಮಾತಿಗೆ ತಪ್ಪುವವನು. ಆದ್ದರಿಂದ ‘ವೈಲ್ಡ್ ಗೀಸ್’ ನಿಷ್ಠೆಯನ್ನು ಜೊತೆಗಾರರ ನಡುವೆ ಹುಡುಕುತ್ತದೆ. ದಕ್ಷಿಣ ಆಫ್ರಿಕಾದ ಬಿಳಿಯನಾದ ಕುಟ್ಸಿಯಾ ಮೊದಲು ಹೀಗಳೆಯುತ್ತಿದ್ದ ಲಿಂಬಾನಿಯನ್ನು ಬೆನ್ನ ಮೇಲೆ ಹೊತ್ತು ನಡೆಯುವ ಭಾಗ ಇಡೀ ಚಿತ್ರದ ಅತ್ಯುತ್ತಮ ಭಾಗ. ಆದರೆ ಗುಂಡಿಗೆ ಸಾಲುಸಾಲಾಗಿ ಉರುಳುವ ಆಫ್ರಿಕನ್ ಸೈನಿಕರಿಗೆ ಚಿತ್ರ ಮುಖವನ್ನೇ ಕೊಡುವುದಿಲ್ಲ, ಮತ್ತು ಆ ಲೋಪ ನನ್ನನ್ನು ನಿಜವಾಗಿಯೂ ನೋಯಿಸಿತು.

ಈ ಚಿತ್ರಕ್ಕೆ ಸಲಹೆಗಾರನಾಗಿದ್ದವನು ಕಾಂಗೋದಲ್ಲಿ ಕೂಲಿ ಪಡೆ ನಡೆಸಿದ ಮೈಕ್ ಹೋರ್. ಅವನೇ 1981ರಲ್ಲಿ ಸೀಶೆಲ್ಸ್ ಸರ್ಕಾರವನ್ನು ಉರುಳಿಸಲು ಹೋಗಿ, ವಿಮಾನ ನಿಲ್ದಾಣದಲ್ಲೇ ಆಯುಧ ಪತ್ತೆಯಾಗಿ, ಏರ್ ಇಂಡಿಯಾ ವಿಮಾನವನ್ನು ವಶಪಡಿಸಿಕೊಂಡು ಡರ್ಬನ್‌ಗೆ ಪರಾರಿಯಾದ. ಪರದೆಯ ಮೇಲಿನ ಶೌರ್ಯವನ್ನು ತೂಗುವಾಗ ಈ ಸಂಗತಿಯೂ ನೆನಪಿರಬೇಕು.

‘ಡಾಗ್ಸ್ ಆಫ್ ವಾರ್’ ಇಂಥ ಶೌರ್ಯವನ್ನು ನಂಬುವುದಿಲ್ಲ. ಜಾನ್ ಇರ್ವಿನ್ ನಿರ್ದೇಶನದ ಈ ಚಿತ್ರದಲ್ಲಿ ಕ್ರಿಸ್ಟೋಫರ್ ವಾಕನ್ ಪಕ್ಷಿಗಳ ಛಾಯಾಗ್ರಾಹಕನ ವೇಷದಲ್ಲಿ ಝಂಗಾರೋ ಎಂಬ ದೇಶಕ್ಕೆ ಹೋಗಿ, ಸಿಕ್ಕಿಬಿದ್ದು, ಹೊಡೆತ ತಿಂದು ಜೈಲು ಸೇರುತ್ತಾನೆ. ಅಲ್ಲಿ ಅವನ ಗಾಯಕ್ಕೆ ಔಷಧೋಪಚಾರ ಮಾಡುವವನು ಕೈದಿಯೇ ಆಗಿರುವ ವೈದ್ಯ ಓಕೋಯೆ. ಆಯುಧ ಕೊಳ್ಳುವುದು, ಕಾಗದಪತ್ರ ಹೊಂದಿಸುವುದು, ಸಾಗಿಸುವುದು ಇವುಗಳಿಗೇ ಬಹಳ ಹೊತ್ತು ಹಿಡಿಯುತ್ತದೆ. ನಡುವಿನ ದಾಂಪತ್ಯದ ಎಳೆ ಸಪ್ಪೆಯಾಗಿದೆ. ಆದರೂ ದಂಗೆ ಎಂಬುದು ವ್ಯಾಪಾರದಂತೆ ಹೇಗೆ ನಡೆಯುತ್ತದೆಂಬುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ.

ದ್ರೋಹದ ದಿಕ್ಕು ಬದಲಾಗುವುದು ಕೊನೆಯಲ್ಲಿ. ಕಂಪನಿಯವರು ತಮ್ಮ ಕೈಗೊಂಬೆಯನ್ನು ಗದ್ದುಗೆಗೇರಿಸಲು ಬಂದಾಗ ವಾಕನ್ ಅವನನ್ನು ಕೊಂದು, ಓಕೋಯೆಗೆ ಅಧಿಕಾರ ಒಪ್ಪಿಸುತ್ತಾನೆ. ‘ವೈಲ್ಡ್ ಗೀಸ್’ನಲ್ಲಿ ಬಂಟರು ದ್ರೋಹಕ್ಕೆ ಬಲಿಯಾಗುತ್ತಾರೆ, ಬರ್ಟನ್ ಲಂಡನ್ನಿಗೆ ಮರಳಿ ಧಣಿಯ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಇಲ್ಲಿ ಬಂಟನೇ ಧಣಿಗೆ ಎರಡು ಬಗೆಯುತ್ತಾನೆ, ಆ ದ್ರೋಹದಿಂದ ಒಂದು ದೇಶಕ್ಕೆ ಉಪಕಾರವಾಗುವ ಸಂಭವವಿದೆ. ಇದೇ ಕಾರಣಕ್ಕೆ ನನಗೆ ಎರಡನೆಯದು ಮೇಲು. ಲಿಂಬಾನಿ ಮತ್ತು ಓಕೋಯೆ ಇಬ್ಬರ ಪಾತ್ರವನ್ನೂ ವಹಿಸಿದವರು ದಕ್ಷಿಣ ಆಫ್ರಿಕಾದ ನಟ ವಿನ್‌ಸ್ಟನ್ ನ್ಚೋನಾ. ಮೊದಲ ಚಿತ್ರದಲ್ಲಿ ಬೇರೆಯವರ ಬೆನ್ನೇರಿ ಬಂದು ವಿಮಾನದಲ್ಲಿ ಸಾಯುವ ಅವರು, ಎರಡನೆಯದರಲ್ಲಿ ಬದುಕಿ ಆಳುವ ಸ್ಥಾನಕ್ಕೆ ಬರುತ್ತಾರೆ. ಹೀಗಾಗಿ ‘ವೈಲ್ಡ್ ಗೀಸ್’ ಮೊದಲು ನೋಡಿ, ಅನಂತರ ‘ಡಾಗ್ಸ್ ಆಫ್ ವಾರ್’ ನೋಡುವುದು ಒಳ್ಳೆಯದು.