ಥಿಂಪುವಿನ ಕರಕುಶಲ ಸಂತೆಯೂ ಪಾರೊ ಪೇಟೆಯೂ: ಕೊಳ್ಳುವ ಮುನ್ನ ಬಟ್ಟೆಯನ್ನು ತಿರುಗಿಸಿ ನೋಡಿ

ಭೂತಾನಿಗೆ ಹೊರಟ ನಮ್ಮ ಮೈಸೂರು, ಮಂಡ್ಯದ ಕಡೆಯವರು ಅಲ್ಲಿ ಏನಾದರೂ ಕೊಳ್ಳಬೇಕೆಂದಿದ್ದರೆ ಅರ್ಧ ದಿನವನ್ನು ರಾಜಧಾನಿ ಥಿಂಪುವಿನ ಕರಕುಶಲ ಸಂತೆಗೆ ಮೀಸಲಿಡಿ. ಪಾರೊ ಪೇಟೆಯ ಅಂಗಡಿ ಸಾಲಿಗೆ ಒಂದು ಗಂಟೆ ಸಾಕು. ಪ್ರವಾಸದ ಏಜೆನ್ಸಿಯವರು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡಿ, ಪಾರೊದಲ್ಲಿ ಇಡೀ ಸಂಜೆ ಬಿಟ್ಟು ಥಿಂಪುವಿನಲ್ಲಿ ಬಸ್ಸಿನಿಂದಲೇ ಸಂತೆ ತೋರಿಸಿ ಮುಂದೆ ಹೋಗುತ್ತಾರೆ. ಹೊರಡುವ ಮುಂಚೆಯೇ ಅವರ ಹತ್ತಿರ ಮಾತಾಡಿ ಬದಲಾಯಿಸಿಕೊಳ್ಳಿ.

ನಾನು ಮೇಲುಕೋಟೆಯ ಮಗ್ಗದ ಮನೆಯ ಮಗಳು. ಅಪ್ಪ ಪಂಚೆ ನೇಯುತ್ತಿದ್ದರು. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಕುವೆಂಪುನಗರದ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ, ಫಾಲ್ ಹೊಲಿಯುತ್ತೇನೆ. ಸೀರೆಯ ಹಿಂಬದಿಯನ್ನು ನಾನು ನೋಡಿದಷ್ಟು ಉಟ್ಟವರೂ ನೋಡಿರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಬಟ್ಟೆಯ ಮಾತೇ ಹೆಚ್ಚು.

ಕರಕುಶಲ ಸಂತೆ ಇರುವುದು ನೋರ್ಜಿನ್ ಲಾಮ್ ರಸ್ತೆಯಲ್ಲಿ, ತಾಜ್ ತಾಶಿ ಹೋಟೆಲಿನ ಹತ್ತಿರ. ಬಿದಿರು, ಮರದ ಸಣ್ಣ ಮಳಿಗೆಗಳು ಸಾಲಾಗಿ ನಿಂತಿವೆ. ಭೂತಾನಿನಲ್ಲೇ ತಯಾರಾದ ಸಾಮಾನು ಮಾರಲೆಂದೇ ಮಾಡಿದ ಜಾಗ ಅದು. ಕೂತಿರುವವರಲ್ಲಿ ಹೆಂಗಸರೇ ಹೆಚ್ಚು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೆಲವರು ಮಳಿಗೆಯ ಒಳಗೇ ನೇಯುತ್ತಿರುತ್ತಾರೆ. ಅವರದು ಸೊಂಟದ ಮಗ್ಗ. ಹಾಸಿನ, ಅಂದರೆ ಉದ್ದಕ್ಕೆ ಹಾಯುವ ಎಳೆಗಳ, ಒಂದು ತುದಿ ಎದುರಿನ ಚೌಕಟ್ಟಿಗೆ, ಇನ್ನೊಂದು ತುದಿ ನೇಯುವವಳ ಸೊಂಟದ ಪಟ್ಟಿಗೆ. ಅವಳು ಹಿಂದಕ್ಕೆ ವಾಲಿದರೆ ಎಳೆ ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ. ನಮ್ಮ ಮನೆಯ ಮಗ್ಗದಲ್ಲಿ ಅಪ್ಪ ಗುಂಡಿಯೊಳಗೆ ಕಾಲಿಟ್ಟು ತುಳಿಯುತ್ತಿದ್ದರು, ಬಿಗಿ ನೋಡಿಕೊಳ್ಳುವುದು ಮರದ ಕೆಲಸವಾಗಿತ್ತು. ಇಲ್ಲಿ ನೇಯುವವಳ ಬೆನ್ನೇ ಆ ಕೆಲಸ ಮಾಡುತ್ತದೆ. ಅದನ್ನು ಕಂಡ ಮೇಲೆ ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಒಂದು ಮಳಿಗೆಯಲ್ಲಿ ರಾಚು ನೋಡಿದೆ. ಹೆಂಗಸರು ದೇವಾಲಯಕ್ಕೂ ಸಮಾರಂಭಕ್ಕೂ ಹೋಗುವಾಗ ಎಡ ಹೆಗಲ ಮೇಲೆ ಹಾಕಿಕೊಳ್ಳುವ ಕೆಂಪು ವಸ್ತ್ರ ಅದು. ತುದಿಯ ಕುಚ್ಚೇ ಮೊದಲು ನನ್ನ ಕಣ್ಣಿಗೆ ಬಿತ್ತು. ನಾವು ಬೇರೆ ರೇಷ್ಮೆ ದಾರ ತಂದು ಸೆರಗಿಗೆ ಕಟ್ಟುತ್ತೇವೆ. ಆ ರಾಚುವಿನಲ್ಲಿ ಹಾಸಿನ ಎಳೆಗಳನ್ನೇ ನೇಯದೆ ಬಿಟ್ಟು, ಜೋಡಿಸಿ ಹುರಿ ಮಾಡಿದ್ದರು. ಒಂದು ಎಳೆಯೂ ಸಡಿಲವಿರಲಿಲ್ಲ. ನೇಯ್ದವಳೇ ಮಾರುತ್ತಿದ್ದಳು. ನಮ್ಮ ಮಾತುಕತೆ ಹಿಂದಿಯಲ್ಲಿ, ಉಳಿದದ್ದು ಕೈಸನ್ನೆಯಲ್ಲಿ. ಎಷ್ಟು ದಿನ ಹಿಡಿಯಿತೆಂದು ಕೇಳಿದೆ.

“ಮನೆಗೆಲಸ ಮುಗಿಸಿ ಕೂತರೆ ಒಂದೂವರೆ ತಿಂಗಳು, ದೀದಿ.”

ಬೆಲೆ 6,500 ನ್ಗುಲ್ಟ್ರಮ್. ಅಲ್ಲಿಯ ಹಣಕ್ಕೂ ನಮ್ಮ ರೂಪಾಯಿಗೂ ಸಮ ಬೆಲೆ, ಆದ್ದರಿಂದ ಲೆಕ್ಕ ಸುಲಭ. ನನ್ನ ನಾದಿನಿ ಪಕ್ಕದಿಂದ, “ಅತ್ತಿಗೆ, ಅರ್ಧಕ್ಕೆ ಕೇಳಿ ನೋಡಿ” ಎಂದಳು. ನಾನು ಕೇಳಲಿಲ್ಲ. ನೂಲಿನ ಖರ್ಚು ಕಳೆದರೆ ಆ ಹೆಂಗಸಿಗೆ ದಿನಕ್ಕೆ ನೂರೈವತ್ತು ರೂಪಾಯಿಯೂ ಬೀಳುವುದಿಲ್ಲ. ಮೇಲುಕೋಟೆಯಲ್ಲಿ ಅಪ್ಪನ ಪಂಚೆಯನ್ನು ಚೌಕಾಸಿ ಮಾಡಿ ಕೊಂಡು ಹೋಗುತ್ತಿದ್ದವರ ಬೆನ್ನು ನೋಡುತ್ತಾ ಅಮ್ಮ ನಿಂತಿರುತ್ತಿದ್ದಳು. ನೇಯ್ದವರೇ ಎದುರಿಗೆ ಕೂತಿರುವಾಗ ಬೆಲೆ ಮುರಿಯುವುದು ನನ್ನಿಂದ ಆಗದು. ನೀವೂ ಮುರಿಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಬೆಲೆ ಹೆಚ್ಚೆನಿಸಿದರೆ ಅಲ್ಲೇ ಕೇರಾ ಎಂಬ ಸೊಂಟದ ಪಟ್ಟಿ ಸಿಗುತ್ತದೆ, ಅದೂ ಮಗ್ಗದ್ದೇ, ಬೆಲೆ ಕಡಿಮೆ. ನಾನು ಇಬ್ಬರು ಸೊಸೆಯರಿಗೆ ಅದನ್ನೇ ತಂದೆ. ಒಬ್ಬಳು ಅದನ್ನು ಸೀರೆಯ ಮೇಲೆ ಡಾಬಿನ ಹಾಗೆ ಕಟ್ಟಿಕೊಳ್ಳುತ್ತಾಳೆ.

ಇನ್ನು ಪಾರೊ. ಪೇಟೆ ಚೆಂದ. ಬಣ್ಣ ಬಳಿದ ಕಿಟಕಿಗಳು, ಒಂದೇ ಎತ್ತರದ ಮನೆಗಳು, ಸಂಜೆಯ ಬಿಸಿಲು. ಆದರೆ ಅಂಗಡಿಯಿಂದ ಅಂಗಡಿಗೆ ಸಾಮಾನು ಬದಲಾಗುವುದಿಲ್ಲ. ನಮ್ಮನ್ನು ಕರೆದೊಯ್ದ ಒಂದು ಅಂಗಡಿಯಲ್ಲಿ ಕಿರಾ, ಅಂದರೆ ಹೆಂಗಸರು ಉಡುವ ಉದ್ದ ವಸ್ತ್ರ, ತೆಗೆದು ಹರಡಿ ‘ಪೂರ್ತಿ ಕೈಮಗ್ಗ’ ಎಂದು 9,000 ಹೇಳಿದರು. ತಿರುಗಿಸಿ ನೋಡಿದೆ. ಚಿತ್ತಾರದ ಎಳೆಗಳು ಒಂದು ಹೂವಿನಿಂದ ಇನ್ನೊಂದು ಹೂವಿಗೆ ಹಿಂಬದಿಯಲ್ಲಿ ಉದ್ದಕ್ಕೆ ಹಾದು, ಕತ್ತರಿಸಿದ ತುದಿಗಳು ಜೂಲಿನಂತೆ ನಿಂತಿದ್ದವು. ಅದು ಯಂತ್ರದ ನೇಯ್ಗೆ. ಇಂಥ ಅಗ್ಗದ ನಕಲುಗಳು ನಮ್ಮ ದೇಶದಿಂದಲೇ ಗಡಿ ದಾಟಿ ಹೋಗುತ್ತವೆ. ಯಂತ್ರದ್ದನ್ನು ಯಂತ್ರದ್ದೆಂದು ಹೇಳಿ ಮಾರಿದರೆ ನನ್ನ ತಕರಾರಿಲ್ಲ, ದಿನಬಳಕೆಗೆ ಅಲ್ಲಿನವರೂ ಅದನ್ನೇ ಉಡುತ್ತಾರೆ. ಕೈಮಗ್ಗವೆಂದು ಸುಳ್ಳು ಹೇಳಿದ್ದಕ್ಕೆ ಸಿಟ್ಟು ಬಂತು. ಹಾಗೆಂದು ಅವರಿಗೆ ನೇರವಾಗಿಯೇ ಹೇಳಿ ಹೊರಬಂದೆ. ನಮ್ಮ ಅರಮನೆಯ ಸುತ್ತಮುತ್ತಲೂ ಪ್ರವಾಸಿಗರಿಗೆ ‘ಮೈಸೂರು ರೇಷ್ಮೆ’ ಎಂದು ಬೇರೇನನ್ನೋ ಕಟ್ಟಿಕೊಡುವುದುಂಟು. ಅದನ್ನು ಕಂಡಾಗ ಬರುವ ಸಿಟ್ಟೇ ಇದು.

ಕೈನೇಯ್ಗೆಯನ್ನು ಗುರುತಿಸುವುದು ಕಷ್ಟವಲ್ಲ. ಭೂತಾನಿನ ಹೆಸರಾಂತ ನೇಯ್ಗೆ ಕುಶುತಾರಾ. ಅದರಲ್ಲಿ ಚಿತ್ತಾರದ ಎಳೆಯನ್ನು ಹಾಸಿನ ಎಳೆಗಳಿಗೆ ಬೆರಳಿನಿಂದಲೋ ಚೂಪಾದ ಕಡ್ಡಿಯಿಂದಲೋ ಸುತ್ತಿ ಸುತ್ತಿ ಕೂರಿಸುತ್ತಾರೆ. ನೋಡಿದವರು ಕಸೂತಿ ಎಂದುಕೊಳ್ಳಬೇಕು, ಹಾಗಿರುತ್ತದೆ, ಆದರೆ ಸೂಜಿ ಮುಟ್ಟಿರುವುದಿಲ್ಲ. ಹಿಂಬದಿ ನೋಡಿದರೆ ಚಿತ್ತಾರವೇ ಇಲ್ಲವೇನೋ ಎನ್ನುವಷ್ಟು ಸ್ವಚ್ಛ. ಇನ್ನೊಂದು ಗುರುತು ಅಗಲದ್ದು. ಸೊಂಟದ ಮಗ್ಗದಲ್ಲಿ ಅಗಲವಾದ ಬಟ್ಟೆ ಬರುವುದಿಲ್ಲ, ಆದ್ದರಿಂದ ಪೂರ್ಣ ಕಿರಾ ಎಂದರೆ ಮೂರು ಪಟ್ಟಿ ಸೇರಿಸಿ ಹೊಲಿದದ್ದು. ಹೊಲಿಗೆ ಇರುವ ಜಾಗದಲ್ಲಿ ಚಿತ್ತಾರ ಎಷ್ಟು ಸರಿಯಾಗಿ ಕೂಡಿದೆ ಎಂಬುದರಲ್ಲಿ ನೇಯ್ದವಳ ಲೆಕ್ಕ ತಿಳಿಯುತ್ತದೆ.

ಕುಶುತಾರಾ ಪೂರ್ವ ಭೂತಾನಿನ ಲುಯೆಂತ್ಸೆ ಜಿಲ್ಲೆಯದು, ಅಲ್ಲಿಯ ಖೋಮಾ ಹಳ್ಳಿ ಅದಕ್ಕೇ ಪ್ರಸಿದ್ಧ. ಒಳ್ಳೆಯ ರೇಷ್ಮೆಯದನ್ನು ಮುಗಿಸಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಬೆಲೆ ಲಕ್ಷ ದಾಟುತ್ತದೆ, ದಾಟಲೇಬೇಕು. ಕೊಳ್ಳುವ ಶಕ್ತಿ ನನಗಿಲ್ಲ, ನೋಡುವ ಆಸೆ ತೀರಿಸಿಕೊಂಡದ್ದು ಥಿಂಪುವಿನ ರಾಯಲ್ ಟೆಕ್ಸ್‌ಟೈಲ್ ಅಕಾಡೆಮಿಯ ವಸ್ತುಸಂಗ್ರಹಾಲಯದಲ್ಲಿ. ಸಂತೆಗೆ ಹೋಗುವ ಮೊದಲು ಅಲ್ಲಿಗೆ ಹೋಗಿ ಬನ್ನಿ. ಒಳ್ಳೆಯದು ಯಾವುದೆಂದು ಕಣ್ಣಿಗೆ ಒಮ್ಮೆ ಗೊತ್ತಾದರೆ ಅಂಗಡಿಯವರ ಮಾತು ಕೇಳಬೇಕಾಗಿಲ್ಲ.

ಯಾತ್ರಾ ಎಂಬ ಉಣ್ಣೆಯ ಬಟ್ಟೆ ಬುಮ್‌ತಾಂಗಿನ ಚುಮೆ ಕಣಿವೆಯದು. ಬಣ್ಣ ಕಣ್ಣು ತುಂಬುತ್ತದೆ, ಆದರೆ ಮೈಗೆ ನಮ್ಮ ಕುರುಬರ ಕಂಬಳಿಯಷ್ಟೇ ಒರಟು. ಕೋಟು ಹೊಲಿಸಿದರೆ ಮೈಸೂರಿನ ಡಿಸೆಂಬರಿಗೂ ಅದು ಹೆಚ್ಚು. ದಿವಾನಿನ ಮೇಲೆ ಹಾಸಲು ಚೆನ್ನ.

ಬಾಂಗ್‌ಚುಂಗ್ ಮಾತ್ರ ಎಲ್ಲರೂ ಕೊಳ್ಳಬೇಕಾದದ್ದು. ಬಿದಿರಿನ ಸೀಳಿನಿಂದ ಹೆಣೆದ ಎರಡು ಬಟ್ಟಲು, ಒಂದರ ಮೇಲೊಂದು ಮುಚ್ಚಿದರೆ ಬಿಗಿಯಾಗಿ ಕೂರುತ್ತವೆ. ಅಲ್ಲಿನವರು ಅನ್ನದ ಬುತ್ತಿ ಕಟ್ಟುತ್ತಿದ್ದದ್ದು ಇದರಲ್ಲೇ. ದಕ್ಷಿಣ ಭಾಗದ ಖೆಂಗ್ ಸೀಮೆಯವರು ಹೆಣೆಯುತ್ತಾರೆ. ಹಗುರ, ಒಡೆಯುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ. ನಮ್ಮ ಮನೆಯಲ್ಲಿ ಈಗ ಎಲೆ ಅಡಿಕೆ ಅದರಲ್ಲೇ ಇರುತ್ತದೆ. ಕೊಳ್ಳುವಾಗ ಮುಚ್ಚಿ, ತಲೆಕೆಳಗು ಮಾಡಿ ನೋಡಿ. ಸಡಿಲವಾದದ್ದನ್ನು ಬಿಟ್ಟುಬಿಡಿ. ತ್ರಾಶಿಯಾಂಗ್ತ್ಸೆಯ ಮರದ ಬಟ್ಟಲುಗಳೂ ಚೆನ್ನಾಗಿವೆ, ಆದರೆ ಒಳ್ಳೆಯ ಗಂಟುಮರದ್ದಕ್ಕೆ ದುಡ್ಡು ಜಾಸ್ತಿ.

ಜುಂಗ್ಶಿ ಕಾಗದ ಕಾರ್ಖಾನೆಗೂ ಹೋಗಿದ್ದೆವು. ಡಾಫ್ನಿ ಎಂಬ ಪೊದೆಯ ತೊಗಟೆಯನ್ನು ನೆನೆಸಿ, ಬೇಯಿಸಿ, ಜಜ್ಜಿ, ಜರಡಿಯಂಥ ಚೌಕಟ್ಟಿನಲ್ಲಿ ಹಾಳೆ ಎತ್ತುವುದನ್ನು ಎದುರಿಗೇ ತೋರಿಸುತ್ತಾರೆ. ಹುಳು ಹಿಡಿಯದ ಕಾಗದ ಎಂದು ಅದಕ್ಕೆ ಹೆಸರು. ನನ್ನ ತಮ್ಮ ಮೈಸೂರು ಶೈಲಿಯ ಚಿತ್ರ ಬರೆಯುತ್ತಾನೆ, ಅವನಿಗೆಂದು ದಪ್ಪ ಹಾಳೆಗಳನ್ನು ಸುರುಳಿ ಸುತ್ತಿ ತಂದೆ. ಅವನ ತೀರ್ಪು ಹೀಗಿದೆ: ಹಲಗೆಗೆ ಅಂಟಿಸಿದರೆ ಚೆನ್ನಾಗಿ ಕೂರುತ್ತದೆ, ತೆಳುವಾದ ಗೆರೆ ಎಳೆಯುವಾಗ ಮಾತ್ರ ನಾರು ಕುಂಚಕ್ಕೆ ತಡೆಯುತ್ತದೆ.

ಕೊಳ್ಳಬಾರದ್ದನ್ನೂ ಹೇಳುತ್ತೇನೆ. ಹಾಡುವ ಬಟ್ಟಲು (ತಟ್ಟಿದರೆ ನಾದ ಹೊಮ್ಮುವ ಲೋಹದ ಬಟ್ಟಲು), ಪ್ರಾರ್ಥನಾ ಧ್ವಜ, ಹರಳಿನ ಸರ. ಬಟ್ಟಲುಗಳಲ್ಲಿ ಹೆಚ್ಚಿನವು ನೇಪಾಳದಿಂದ ಬಂದವು. ಅಂಥವೇ ಬೇಕಿದ್ದರೆ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಇದೆ. 1960ರ ದಶಕದ ಆರಂಭದಿಂದ ಅಲ್ಲಿ ಟಿಬೆಟಿಯನ್ನರು ನೆಲೆಸಿದ್ದಾರೆ, ಸ್ವರ್ಣ ದೇಗುಲದ ಬಳಿಯ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಮೈಸೂರಿನಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ. ಅದನ್ನು ಹಿಮಾಲಯದಿಂದ ಹೊತ್ತು ತರುವುದು ಏಕೆ?

ಮಕ್ಕಳಿದ್ದರೆ ಥಿಂಪುವಿನ ಅಂಚೆ ಕಚೇರಿಗೆ ಕರೆದೊಯ್ಯಿರಿ. ನಿಮ್ಮದೇ ಫೋಟೋ ಇರುವ ಅಂಚೆಚೀಟಿ ಮಾಡಿಕೊಡುತ್ತಾರೆ, ಅಂಟಿಸಿ ಮೈಸೂರಿನ ವಿಳಾಸಕ್ಕೇ ಕಾರ್ಡು ಹಾಕಬಹುದು. 1970ರ ದಶಕದಲ್ಲಿ ಗ್ರಾಮಫೋನಿನ ಮೇಲಿಟ್ಟರೆ ಹಾಡುವ ಅಂಚೆಚೀಟಿ ತಂದ ದೇಶ ಅದು.

ಸಂತೆಯಷ್ಟೇ ನನಗೆ ಇಷ್ಟವಾದ ಜಾಗ ಜೋರಿಗ್ ಚುಸುಮ್ ರಾಷ್ಟ್ರೀಯ ಸಂಸ್ಥೆ, 1971ರಲ್ಲಿ ಶುರುವಾದದ್ದು. ಭೂತಾನಿನ ಹದಿಮೂರು ಸಾಂಪ್ರದಾಯಿಕ ಕಸುಬುಗಳಿಗೆ ಒಟ್ಟಾಗಿ ಜೋರಿಗ್ ಚುಸುಮ್ ಎನ್ನುತ್ತಾರೆ. ಚಿತ್ರ, ಮರದ ಕೆತ್ತನೆ, ಮಣ್ಣಿನ ಮೂರ್ತಿ, ಕಸೂತಿಯನ್ನು ಹುಡುಗ ಹುಡುಗಿಯರು ವರ್ಷಗಟ್ಟಲೆ ಕೂತು ಕಲಿಯುತ್ತಾರೆ, ತರಗತಿಯ ಬಾಗಿಲಲ್ಲಿ ನಿಂತು ನೋಡಬಹುದು. ಒಬ್ಬ ಹುಡುಗ ಡ್ರ್ಯಾಗನ್ನಿನ ಒಂದೇ ಉಗುರನ್ನು ಅಳಿಸಿ ಅಳಿಸಿ ಬರೆಯುತ್ತಿದ್ದ, ಮೇಷ್ಟರು ತಲೆಯಾಡಿಸುವವರೆಗೂ ಬಿಡಲಿಲ್ಲ. ವಿದ್ಯಾರ್ಥಿಗಳು ಮಾಡಿದ ಸಾಮಾನನ್ನು ಅಲ್ಲೇ ಮಾರುತ್ತಾರೆ. ಥಾಂಕಾ, ಅಂದರೆ ಬಟ್ಟೆಯ ಮೇಲೆ ಬರೆದ ಬೌದ್ಧ ಚಿತ್ರ, ಬೇಕಿದ್ದವರು ಇಲ್ಲಿಯೇ ಕೊಳ್ಳಿ. ಭಾನುವಾರವೂ ಚಳಿಗಾಲದ ರಜೆಯಲ್ಲೂ ತರಗತಿ ಇರುವುದಿಲ್ಲ, ದಿನ ನೋಡಿಕೊಂಡು ಹೋಗಿ.

ಕೊನೆಯದಾಗಿ ಖರ್ಚಿನ ಮಾತು. ಭಾರತೀಯರು ಅಲ್ಲಿ ತಂಗುವ ಪ್ರತಿ ರಾತ್ರಿಗೂ 1,200 ರೂಪಾಯಿ ಶುಲ್ಕ ಕಟ್ಟಬೇಕು, ಕೊಳ್ಳುವ ದುಡ್ಡನ್ನು ಅದರಿಂದ ಬೇರೆಯಾಗಿ ಎತ್ತಿಡಿ. ಸಂತೆಯ ಮಳಿಗೆಗಳಿಗೆ ನಗದು ಒಯ್ಯಿರಿ. ಹಳೆಯ ವಿಗ್ರಹ, ಹಳೆಯ ಥಾಂಕಾ ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ಮುಟ್ಟಬೇಡಿ. ಪುರಾತನ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವುದಕ್ಕೆ ಅಲ್ಲಿ ನಿಷೇಧವಿದೆ. ಹಳೆಯದರಂತೆ ಕಾಣುವ ಹೊಸದನ್ನು ಕೊಂಡರೂ ಅಂಗಡಿಯವರಿಂದ ರಸೀದಿ ಬರೆಸಿಕೊಂಡು, ಸಾಮಾನಿನ ಜೊತೆಗೇ ಇಟ್ಟುಕೊಳ್ಳಿ.