ಕಾಲ ಕೆಳಗಿನ ಕಂಬಳಿ: ಕೆನಡಾದ ಕೈರೋಸ್ ಬ್ಲ್ಯಾಂಕೆಟ್ ಎಕ್ಸರ್ಸೈಜ್ ಕರೆಸುವ ಮುನ್ನ

ಕೆನಡಾದಲ್ಲಿ ಆಫೀಸು, ಕಾಲೇಜು, ಚರ್ಚು, ವಲಸಿಗರ ಸಂಘ ಯಾವುದೇ ಇರಲಿ, ಮೂಲನಿವಾಸಿಗಳ ಚರಿತ್ರೆ ತಿಳಿಯಲು ಏನಾದರೂ ಏರ್ಪಾಡು ಮಾಡೋಣ ಎಂದು ಹೊರಟರೆ ಬೇಗ ಕಿವಿಗೆ ಬೀಳುವ ಹೆಸರು ಕೈರೋಸ್ ಬ್ಲ್ಯಾಂಕೆಟ್ ಎಕ್ಸರ್ಸೈಜ್. ಇದು ಭಾಷಣವಲ್ಲ, ಸ್ಲೈಡು ಹಾಕಿ ಮಾಡುವ ಟ್ರೈನಿಂಗೂ ಅಲ್ಲ. ನೆಲಕ್ಕೆ ಕಂಬಳಿ ಹಾಸಿ, ಬಂದವರನ್ನು ಅದರ ಮೇಲೆ ನಿಲ್ಲಿಸಿ, ಐನೂರು ವರ್ಷಗಳಲ್ಲಿ ಆ ನೆಲ ಹೇಗೆ ಕೈತಪ್ಪಿತು ಎಂಬುದನ್ನು ಕಾಲಿಗೇ ತಿಳಿಸುವ ಕಾರ್ಯಕ್ರಮ. ಕರೆಸಬಹುದೇ ಎಂದು ಕೇಳಿದರೆ, ಖಂಡಿತ ಕರೆಸಿ. ಆದರೆ ಕೊನೆಗೆ ಬರುವ ಟಾಕಿಂಗ್ ಸರ್ಕಲ್‌ಗೆ, ಅಂದರೆ ಎಲ್ಲರೂ ವೃತ್ತವಾಗಿ ಕೂತು ಸರದಿಯಂತೆ ಮಾತಾಡುವುದಕ್ಕೆ, ಪೂರ್ತಿ ಸಮಯ ಕೊಡಲು ಆಗದಿದ್ದರೆ ಕರೆಸಲೇಬೇಡಿ.

ಮೂಲನಿವಾಸಿಗಳ ಕುರಿತು ಸರ್ಕಾರ ನೇಮಿಸಿದ್ದ ರಾಯಲ್ ಕಮಿಷನ್ನಿನ ವರದಿ ಬಂದದ್ದು 1996ರಲ್ಲಿ. ಈ ಚರಿತ್ರೆ ಸಾಮಾನ್ಯ ಜನರಿಗೂ ತಿಳಿಯಬೇಕು ಎಂದು ಅದು ಒತ್ತಿ ಹೇಳಿತ್ತು. ಮರುವರ್ಷ ಚರ್ಚುಗಳ ಒಕ್ಕೂಟವೊಂದು ಮೂಲನಿವಾಸಿ ಹಿರಿಯರು ಮತ್ತು ಶಿಕ್ಷಕರ ಜೊತೆ ಕೂತು ಇದನ್ನು ರೂಪಿಸಿತು. ಆಮೇಲೆ ಇದನ್ನು ವಹಿಸಿಕೊಂಡ, 2001ರಲ್ಲಿ ಹುಟ್ಟಿದ ಕೈರೋಸ್ ಕೂಡ ಚರ್ಚುಗಳು ಸೇರಿ ಕಟ್ಟಿದ ಸಂಸ್ಥೆಯೇ. ಆಂಗ್ಲಿಕನ್, ಯುನೈಟೆಡ್, ಪ್ರೆಸ್ಬಿಟೇರಿಯನ್ ಚರ್ಚುಗಳು ಅದರ ಬೆನ್ನಿಗಿವೆ. ಸರ್ಕಾರದ ಪರವಾಗಿ ರೆಸಿಡೆನ್ಷಿಯಲ್ ಸ್ಕೂಲುಗಳನ್ನು, ಅಂದರೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ಇಟ್ಟ ವಸತಿ ಶಾಲೆಗಳನ್ನು, ನಡೆಸಿದವರಲ್ಲಿ ಇವರೂ ಇದ್ದರು. ಹೆಚ್ಚಿನ ಶಾಲೆಗಳು ಕ್ಯಾಥೊಲಿಕರ ಕೈಯಲ್ಲಿದ್ದವು. ತಪ್ಪು ಮಾಡಿದವರ ಮನೆಯಿಂದಲೇ ಕಥೆ ಹೇಳಿಸುವುದು ಸರಿಯೇ ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಇಲ್ಲಿ ಓದುವ ಪಠ್ಯ ಚರ್ಚನ್ನು ಬಚಾವು ಮಾಡಲು ಹೋಗುವುದಿಲ್ಲ, ಅದೇ ಇದರ ದೊಡ್ಡ ಗುಣ. ಅದೂ ಅಲ್ಲದೆ, ಮೂಲನಿವಾಸಿ ಹಿರಿಯರೊಬ್ಬರು ಮತ್ತು ತರಬೇತಿ ಪಡೆದ ನಿರ್ವಾಹಕರು ಕೂಡಿಯೇ ನಡೆಸಬೇಕು. ಎಲ್ಲೋ ಸಿಕ್ಕ ಹಳೆಯ ಸ್ಕ್ರಿಪ್ಟ್ ಹಿಡಿದು ನಾವೇ ಮಾಡಿಬಿಡೋಣ ಎನ್ನುವವರಿದ್ದಾರೆ, ಅದು ಬೇಡ.

ನಡೆಯುವ ಕ್ರಮ ಹೀಗೆ. ಕುರ್ಚಿಗಳನ್ನು ವೃತ್ತವಾಗಿ ಇಟ್ಟು ನಡುವೆ ಕಂಬಳಿಗಳನ್ನು ಅಂಚಿಗೆ ಅಂಚು ತಾಗುವಂತೆ ಹಾಸುತ್ತಾರೆ. ಮೂವತ್ತು ಜನಕ್ಕೆ ಹನ್ನೆರಡು ಹದಿನೈದು ಕಂಬಳಿ ಸಾಕು. ಅದು ಟರ್ಟಲ್ ಐಲ್ಯಾಂಡ್, ಅಂದರೆ ಯುರೋಪಿಯನ್ನರು ಬರುವ ಮುಂಚಿನ ಉತ್ತರ ಅಮೆರಿಕ. ಎಲ್ಲರೂ ಚಪ್ಪಲಿ, ಬೂಟು ಬಿಟ್ಟು ಕಂಬಳಿಯ ಮೇಲೆ ಓಡಾಡುತ್ತಾರೆ, ಮಾತಾಡಿಸುತ್ತಾರೆ, ವಸ್ತು ಅದಲು ಬದಲು ಮಾಡಿಕೊಳ್ಳುತ್ತಾರೆ. ನಿರೂಪಕರು ಓದುತ್ತಾ ಹೋದಂತೆ ಯುರೋಪಿಯನ್ ಪಾತ್ರಧಾರಿ ಒಳಗೆ ಬರುತ್ತಾನೆ. ಮೊದಲು ಕೈಕುಲುಕುತ್ತಾನೆ, ಆಮೇಲೆ ಬಗ್ಗಿ ಕಂಬಳಿಯ ಅಂಚು ಮಡಚತೊಡಗುತ್ತಾನೆ.

ಇಡೀ ಕಾರ್ಯಕ್ರಮದ ಜೀವ ಈ ಮಡಚುವುದರಲ್ಲಿದೆ. ಯಾರೂ ಯಾರನ್ನೂ ತಳ್ಳುವುದಿಲ್ಲ. ಅಂಚು ಹಿಮ್ಮಡಿಗೆ ಬಂದು ತಾಗುತ್ತದೆ, ನಿಂತವರು ತಾವಾಗಿಯೇ ಅರ್ಧ ಹೆಜ್ಜೆ ಸರಿಯುತ್ತಾರೆ. ಎರಡನೇ ಸಲ ಮಡಚಿದಾಗ ಪಾದ ಜೋಡಿಸಿ ನಿಲ್ಲುತ್ತಾರೆ. ಮೂರನೇ ಸಲ ಪಕ್ಕದವರ ತೋಳು ಹಿಡಿದುಕೊಳ್ಳುತ್ತಾರೆ. ಬೇಡ ಎಂದು ಹೇಳುವವರು ತೀರಾ ಕಡಿಮೆ. ಜಾಗ ಬಿಟ್ಟುಕೊಟ್ಟದ್ದು ಆಮೇಲೆ ಕೂತು ಮಾತಾಡುವಾಗಷ್ಟೇ ಅವರ ಗಮನಕ್ಕೆ ಬರುತ್ತದೆ. ಮಡಚುವವರು ಆತುರಪಟ್ಟರೆ ಇದೆಲ್ಲ ಹಾಳು. ಒಂದೊಂದು ಮಡಿಕೆಯ ನಂತರವೂ ನಾಲ್ಕೈದು ಸೆಕೆಂಡು ಸುಮ್ಮನಿರುವಂತೆ ಮೊದಲೇ ಕೇಳಿಕೊಳ್ಳಿ.

ಜೊತೆಗೆ ಕಾರ್ಡುಗಳಿವೆ. ಕಾರ್ಡು ಬಂದವರು ಸಿಡುಬಿನಂಥ ರೋಗಕ್ಕೆ ಸತ್ತವರಾಗಿ ಕಂಬಳಿ ಬಿಟ್ಟು ಹೋಗಿ ಕೂರುತ್ತಾರೆ, ಇಲ್ಲವೇ ಶಾಲೆಗೆ ಒಯ್ಯಲ್ಪಟ್ಟ ಮಕ್ಕಳಾಗಿ ದೂರದ ಬೇರೆ ಕಂಬಳಿಗೆ ಹೋಗುತ್ತಾರೆ. ‘ವಸತಿ ಶಾಲೆ’ ಎಂದರೆ ಕನ್ನಡದ ಕಿವಿಗೆ ಒಳ್ಳೆಯ ಮಾತು, ಸೀಟು ಸಿಕ್ಕರೆ ಮನೆಯವರು ಸಂತೋಷಪಡುವಂಥದ್ದು. ಇಲ್ಲಿ ಆ ಅರ್ಥ ಮರೆತುಬಿಡಿ. ಸುಮಾರು 1,50,000 ಮಕ್ಕಳನ್ನು ಮನೆ, ಭಾಷೆ, ಪ್ರಾರ್ಥನೆ ಎಲ್ಲದರಿಂದ ಕಿತ್ತು ಇಟ್ಟ ವ್ಯವಸ್ಥೆ ಅದು. ಕೊನೆಯವು ಮುಚ್ಚಿದ್ದು 1990ರ ದಶಕದ ದ್ವಿತೀಯಾರ್ಧದಲ್ಲಿ. ಶಾಲೆಯಿಂದ ಮರಳಿದವರಿಗೆ ಉಳಿದವರು ಬೆನ್ನು ತಿರುಗಿಸಿ ನಿಲ್ಲಬೇಕು ಎಂಬ ಸೂಚನೆ ಬರುವಾಗ ಕೋಣೆ ಸ್ತಬ್ಧವಾಗುತ್ತದೆ.

ಧರ್ಮದ ಭಾಗದಲ್ಲಿ ಇನ್ನಷ್ಟು ಬಿಗಿ ಬೇಕು. ಪೋಪರ 1493ರ ಆಜ್ಞಾಪತ್ರದ ಕಾಲದಿಂದ ಬಂದ ‘ಡಾಕ್ಟ್ರಿನ್ ಆಫ್ ಡಿಸ್ಕವರಿ’, ಅಂದರೆ ಕ್ರೈಸ್ತರಲ್ಲದವರ ನೆಲ ಅದನ್ನು ‘ಕಂಡುಹಿಡಿದ’ ಕ್ರೈಸ್ತರ ಸ್ವತ್ತು ಎಂಬ ವಾದ, ಓದುವಾಗ ಹಾರಿಹೋಗುವಷ್ಟು ಬೇಗ ಮುಗಿಯುತ್ತದೆ. ವ್ಯಾಟಿಕನ್ ಅದನ್ನು ತಳ್ಳಿಹಾಕಿದ್ದು 2023ರ ಮಾರ್ಚಿನಲ್ಲಿ, ಅಂದರೆ ಮೊನ್ನೆ ಮೊನ್ನೆ. ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಔತಣವಿಟ್ಟು ಉಡುಗೊರೆ ಹಂಚುವ ಪಾಟ್‌ಲ್ಯಾಚ್ ಆಚರಣೆಗೆ 1885ರಿಂದ 1951ರವರೆಗೆ ಕಾನೂನಿನ ನಿಷೇಧವಿತ್ತು. ಇವೆರಡನ್ನೂ ಬಿಡಿಸಿ ಹೇಳುವಂತೆ ನಿರ್ವಾಹಕರನ್ನು ಕೇಳಿ. ಹಾಗೆಯೇ ಸ್ಥಳೀಯ ಚರಿತ್ರೆ: ಪ್ರೈರಿ ಪ್ರಾಂತಗಳಲ್ಲಿ 1871ರಿಂದ ನಂಬರ್ಡ್ ಟ್ರೀಟಿಗಳು, ಅಂದರೆ ಸಂಖ್ಯೆಯಿಂದ ಗುರುತಿಸುವ ನೆಲದ ಒಪ್ಪಂದಗಳು, ಆದವು, ಬ್ರಿಟಿಷ್ ಕೊಲಂಬಿಯಾದ ಬಹುಪಾಲು ನೆಲಕ್ಕೆ ಒಪ್ಪಂದವೇ ಆಗಲಿಲ್ಲ. ಇಡೀ ದೇಶಕ್ಕೆ ಒಂದೇ ಕಥೆ ಹೇಳಿದರೆ ನೀವು ನಿಂತ ನೆಲದ ಕಥೆ ತಪ್ಪಿಹೋಗುತ್ತದೆ.

ಕೆಡುವುದು ಬಹುತೇಕ ಕರೆಸಿದವರ ಕಡೆಯಿಂದಲೇ. ಮುಖ್ಯ ತಪ್ಪು ಸಮಯದ್ದು. ಕಂಬಳಿಯ ಭಾಗಕ್ಕೇ ಒಂದೂವರೆ ಗಂಟೆ ಹಿಡಿಯುತ್ತದೆ. ನಂತರದ ಸರ್ಕಲ್‌ನಲ್ಲಿ ಗರಿ ಅಥವಾ ಕಲ್ಲು ಕೈಯಿಂದ ಕೈಗೆ ಹೋಗುತ್ತದೆ, ಅದು ಯಾರ ಕೈಯಲ್ಲಿದೆಯೋ ಅವರದಷ್ಟೇ ಮಾತು. ಮೂವತ್ತು ಜನ ಎರಡೆರಡು ನಿಮಿಷ ಮಾತಾಡಿದರೂ ಒಂದು ಗಂಟೆ. ಎರಡು ಗಂಟೆಯ ಸ್ಲಾಟ್ ಬುಕ್ ಮಾಡಿ ಸರ್ಕಲ್ಲನ್ನು ಹದಿನೈದು ನಿಮಿಷಕ್ಕೆ ಇಳಿಸಿದರೆ, ಜನರನ್ನು ಅಳಿಸಿ ಬಾಗಿಲಾಚೆ ಕಳಿಸಿದ ಹಾಗೆ. ಮೂರು ಗಂಟೆ ಇಡಿ, ಮೀಟಿಂಗಿಗೆ ಓಡಬೇಕಾದವರನ್ನು ಸೇರಿಸಬೇಡಿ.

ಎರಡನೆಯ ತಪ್ಪು ಇನ್ನೂ ನೋವಿನದು. ಸಿಬ್ಬಂದಿಯಲ್ಲಿ ಮೂಲನಿವಾಸಿ ಒಬ್ಬರೇ ಇದ್ದರೆ ಅವರ ಅಜ್ಜಿಯ, ತಾಯಿಯ ಬದುಕನ್ನೇ ಸಹೋದ್ಯೋಗಿಗಳು ಕಾರ್ಡು ಹಿಡಿದು ಆಡುವುದನ್ನು ಅವರು ನೋಡಬೇಕಾಗುತ್ತದೆ. ಹಾಜರಿ ಕಡ್ಡಾಯ ಮಾಡಬೇಡಿ, ಏನು ನಡೆಯುತ್ತದೆ ಎಂದು ವಾರ ಮುಂಚೆ ಬರೆದು ತಿಳಿಸಿ, ಬರದವರ ಹತ್ತಿರ ಕಾರಣ ಕೇಳಬೇಡಿ.

ಹಿರಿಯರಿಗೆ ಗೌರವಧನ ಅದೇ ದಿನ ಕೈಗೆ ಸೇರಬೇಕು, ಇನ್‌ವಾಯ್ಸ್ ಕಳಿಸಿ ಎನ್ನುವುದು ಅವಮಾನ. ಹಲವು ಸಮುದಾಯಗಳಲ್ಲಿ ಗೌರವದ ಕಾಣಿಕೆಯಾಗಿ ಹೊಗೆಸೊಪ್ಪನ್ನು ಆಹ್ವಾನಿಸುವಾಗಲೇ ಕೊಡುತ್ತಾರೆ, ಮುಗಿದ ಮೇಲಲ್ಲ. ಉತ್ತರದ ಆರ್ಕ್ಟಿಕ್ ಪ್ರದೇಶದ ಇನ್ಯುಯಿಟ್ ಹಿರಿಯರಾದರೆ ಕ್ರಮ ಬೇರೆ, ಕೇಳಿಕೊಳ್ಳಿ. ಸ್ಮಡ್ಜಿಂಗ್, ಅಂದರೆ ಶುದ್ಧಿಗಾಗಿ ಹಾಕುವ ಹೊಗೆ, ಇದ್ದರೆ ಸೇಜ್ ಎಲೆಯ ಹೊಗೆ ಏಳುತ್ತದೆ, ಫೈರ್ ಅಲಾರಂ ಬಗ್ಗೆ ಕಟ್ಟಡದವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಮಂಡಿ ನೋವಿನವರಿಗೆ ಕಂಬಳಿಯ ಮೇಲೇ ಕುರ್ಚಿ ಹಾಕಬಹುದು. ಫೋಟೊ ಬೇಡ.

ಹೊಸದಾಗಿ ಬಂದು ನೆಲೆಸಿದವರು, ನಮ್ಮವರೂ ಸೇರಿ, ‘ಇದು ಬಿಳಿಯರ ಲೆಕ್ಕ, ನಮಗೇನು’ ಎನ್ನುವುದುಂಟು. 2021ರ ಜೂನ್‌ನಿಂದ ಪೌರತ್ವದ ಪ್ರಮಾಣವಚನದಲ್ಲೇ ಫಸ್ಟ್ ನೇಷನ್ಸ್, ಇನ್ಯುಯಿಟ್, ಮೇಟಿ ಎಂಬ ಮೂರು ಮೂಲನಿವಾಸಿ ಜನರ ಹಕ್ಕು ಮತ್ತು ಒಪ್ಪಂದದ ಹಕ್ಕುಗಳ ಮಾತಿದೆ. ರೆಸಿಡೆನ್ಷಿಯಲ್ ಸ್ಕೂಲುಗಳ ಸತ್ಯವನ್ನು ದಾಖಲಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗದ 94 ಶಿಫಾರಸುಗಳಲ್ಲಿ ಕೊನೆಯದು ಅದೇ. ಪ್ರಮಾಣ ಮಾಡುವ ಮುನ್ನ ಆ ಸಾಲಿನ ಅರ್ಥ ತಿಳಿಯಲು ಇದಕ್ಕಿಂತ ನೇರವಾದ ದಾರಿ ಸಿಗುವುದು ಕಷ್ಟ. ವಲಸಿಗರ ಸಂಘಗಳು ಮುದ್ದಾಂ ಕರೆಸಬೇಕು.

ಸರ್ಕಲ್‌ನಲ್ಲಿ ಟಿಶ್ಯೂ ಡಬ್ಬಿಗಳ ಜೊತೆ ಒಂದು ಕಾಗದದ ಚೀಲವನ್ನೂ ಇಡಿ. ಆಯೋಗದ ಸಭೆಗಳಲ್ಲಿ ಕಣ್ಣೀರು ಒರೆಸಿದ ಟಿಶ್ಯೂಗಳನ್ನು ಕೂಡಿಸಿ ಪವಿತ್ರಾಗ್ನಿಗೆ ಹಾಕುತ್ತಿದ್ದರು. ಕ್ಲೀನಿಂಗಿನವರು ಕಸದ ಜೊತೆ ಒಯ್ಯುವ ಮೊದಲು, ಆ ಚೀಲವನ್ನು ಏನು ಮಾಡಬೇಕು ಎಂದು ಹಿರಿಯರನ್ನು ಕೇಳಿ.