ಬಾಡಿಗೆ ಮನೆ ನೋಡಿಕೊಳ್ಳುವ ಕಂಪನಿ: ಕೆಲಸ ವಹಿಸಿ, ಸಹಿ ಮಾತ್ರ ಬಿಟ್ಟುಕೊಡಬೇಡಿ

ನಾವಿರುವುದು ಶಿವಮೊಗ್ಗದಲ್ಲಿ, ಬಾಡಿಗೆಗೆ ಕೊಟ್ಟ ಮನೆ ಬೆಂಗಳೂರಿನ ವಿಜಯನಗರದಲ್ಲಿ. ನಲ್ಲಿ ಸೋರಿದರೂ ರೈಲು ಹತ್ತಬೇಕಿತ್ತು. ಅದಕ್ಕೇ ಆ ಕಡೆಯ ಒಂದು ಸಣ್ಣ ಕಂಪನಿಗೆ ಮನೆ ವಹಿಸಿದೆವು. ಜನ ಹುಡುಕಿಕೊಟ್ಟರೆ ಅರ್ಧ ತಿಂಗಳ ಬಾಡಿಗೆ, ಆಮೇಲೆ ಪ್ರತಿ ತಿಂಗಳು 5%. ನಮ್ಮ ಬಾಡಿಗೆ 24,000, ಅಂದರೆ ತಿಂಗಳಿಗೆ 1,200 ರೂಪಾಯಿ.

ಈ ದುಡ್ಡಿಗೆ ಬೆಲೆ ಸಿಕ್ಕಿದ್ದು ಬಾಡಿಗೆಗೆ ಬರುವವರ ವಿಚಾರಣೆಯಲ್ಲಿ. ಆಧಾರ್ ಜೆರಾಕ್ಸ್ ಇಸ್ಕೊಂಡು ಫೈಲಿಗೆ ಸೇರಿಸಿ ಸುಮ್ಮನಾಗಲಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಫೋಟೋ ತಾಳೆ ನೋಡಿದರು. ನಮಗೆ ಕಳಿಸಿದ ಪ್ರತಿಯಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತಿತ್ತು. ಹಾಗೇ ಇರಬೇಕು. ನನಗೆ ಇನ್ನೂ ಹಿಡಿಸಿದ್ದು, ಅವರು ಹಿಂದಿನ ಓನರ್‌ಗಳನ್ನು ವಿಚಾರಿಸಿದ ರೀತಿ. ಈಗಿರುವ ಮನೆಯ ಓನರ್, ಖಾಲಿ ಮಾಡಿದರೆ ಸಾಕು ಅಂತ ಹೊಗಳಿಬಿಡಬಹುದು. ಅದಕ್ಕೂ ಹಿಂದಿನವರಿಗೆ ಆ ಹಂಗಿಲ್ಲ ಅಲ್ವಾ? ಕಂಪನಿಯ ಹುಡುಗ ಅವರಿಗೇ ಫೋನ್ ಮಾಡಿ, ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿದಿರಿ, ಯಾಕೆ ಅಂತ ಕೇಳಿದ್ದ. ಪೇಂಟಿಂಗ್‌ಗೆ ಬಿಟ್ಟು ಇನ್ನೇನೂ ಹಿಡಿದಿಲ್ಲ ಅಂತ ಉತ್ತರ ಬಂತು.

ಅವರ ಫಾರಂನಲ್ಲಿ ವೆಜ್, ನಾನ್‌ವೆಜ್ ಅಂತ ಒಂದು ಕಾಲಂ ಇತ್ತು. ತೆಗೆಸಿದೆ. ಬಾಡಿಗೆ ಸರಿಯಾಗಿ ಕಟ್ಟುವವರು, ಮನೆ ಚೆನ್ನಾಗಿ ಇಟ್ಟುಕೊಳ್ಳುವವರು ಬೇಕು ನಮಗೆ. ಅವರ ಅಡುಗೆ ಅವರಿಷ್ಟ. ತಕರಾರಿಲ್ಲದೆ ತೆಗೆದರು.

ರಿಪೇರಿ ವಿಷಯದಲ್ಲಿ ಮಾತ್ರ ಬೇಜಾರಾಯಿತು. ಬಾತ್‌ರೂಮಿನ ಫ್ಲಶ್ ಟ್ಯಾಂಕ್ ಕೆಟ್ಟಿತ್ತು. ನಮ್ಮನ್ನು ಕೇಳದೆ ಪೂರ್ತಿ ಹೊಸದು ಹಾಕಿಸಿ 4,800 ರೂಪಾಯಿ ಹಿಡಿದುಕೊಂಡರು. ಒಳಗಿನ ವಾಲ್ವ್ ಬದಲಿಸಿದ್ದರೆ ಸಾಕಿತ್ತು ಅಂತ ಬಾಡಿಗೆಯವರೇ ಹೇಳಿದರು. ಜಗಳ ಮಾಡಿದ ಮೇಲೆ ಅರ್ಧ ವಾಪಸ್ ಬಂತು.

ಇನ್ನು ಕರಾರು. ಒಂದು ವರ್ಷ ದಾಟುವ ಕರಾರು ನೋಂದಣಿ ಆಗಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುವುದು. ಓನರ್ ಪರವಾಗಿ ತಾವೇ ಸಹಿ ಹಾಕುತ್ತೇವೆ, ಅಡ್ವಾನ್ಸ್ ತಮ್ಮ ಖಾತೆಗೇ ಬರಲಿ ಅಂದರು. ಖಡಾಖಂಡಿತವಾಗಿ ಬೇಡ ಅಂದೆ. ಓನರ್‌ಗೆ ತಿಂಗಳ ಬಾಡಿಗೆ ಅಂತ ಹೇಳಿ, ಅದೇ ಮನೆಯನ್ನು ಬೇರೆಯವರಿಗೆ ಲಕ್ಷಗಟ್ಟಲೆಗೆ ಭೋಗ್ಯಕ್ಕೆ ಕೊಟ್ಟು, ದುಡ್ಡಿನ ಸಮೇತ ಮಾಯವಾದ ಕಂಪನಿಗಳು ಬೆಂಗಳೂರಿನಲ್ಲಿ ಇವೆ. ಆಮೇಲೆ ಓನರ್ ಮತ್ತು ಬಾಡಿಗೆಯವರು, ಇಬ್ಬರೂ ಠಾಣೆಗೆ ಅಲೆಯಬೇಕು. ಐದು ತಿಂಗಳ ಅಡ್ವಾನ್ಸ್ 1,20,000 ನೇರ ನಮ್ಮ ಖಾತೆಗೇ ಬಂತು. ಸಹಿಗೆ ನಾನೇ ಹೋದೆ, ಬಾಡಿಗೆಯವರ ಜೊತೆ ಕೂತು ಕಾಫಿ ಕುಡಿದು ಬಂದೆ.

ಮನೆ ಖಾಲಿ ಮಾಡಿಸುವ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುತ್ತಾರೆ. ಹಿಂದಿನವರು ಹೊರಟಾಗ ಮೀಟರ್ ರೀಡಿಂಗ್‌ನ ಫೋಟೋ ತೆಗೆದಿದ್ದರು. ನಮ್ಮ ಆರ್‌ಆರ್ ನಂಬರ್‌ಗೆ ಜೋಡಿಸಿದ್ದ ಅವರ ಗೃಹಜ್ಯೋತಿಯನ್ನೂ ಡಿ-ಲಿಂಕ್ ಮಾಡಿಸಿದ್ದರು. ಇದು ಉಳಿದುಬಿಟ್ಟರೆ ಹೊಸದಾಗಿ ಬಂದವರು ಪರದಾಡಬೇಕಾಗುತ್ತದೆ.

ಹೊಸ ಕರಾರಿಗೂ ಇವರನ್ನೇ ಇಟ್ಟುಕೊಂಡಿದ್ದೇವೆ. 2,000 ರೂಪಾಯಿ ದಾಟುವ ರಿಪೇರಿಗೆ ಮೊದಲು ಫೋಟೋ, ಆಮೇಲೆ ನಮ್ಮ ಒಪ್ಪಿಗೆ ಅಂತ ಈ ಸಲ ಬರವಣಿಗೆಯಲ್ಲೇ ಹಾಕಿಸಿದ್ದೇವೆ.